ಅತ್ತೆಯವರ ಟ್ರೇಡ್

ನನಗೂ ನನ್ನ ಷಡ್ಡಕರಿಗೂ ಮೊದಲ ಕೆಲವು ವರ್ಷ ಮಾತಾಡಲು ಏನೂ ಇರಲಿಲ್ಲ. ಅವರು ನನ್ನ ಹೆಂಡತಿಯ ಅಕ್ಕನ ಗಂಡ, ಹುಬ್ಬಳ್ಳಿಯವರು. ಹ್ಯೂಸ್ಟನ್ನಿನ ಸೈಪ್ರೆಸ್‌ನಲ್ಲಿ ಮನೆ. ನಾನು ಮೈಸೂರಿನವನು, ಡಲ್ಲಾಸ್ ಮಗ್ಗುಲಿನ ರಿಚರ್ಡ್‌ಸನ್‌ನಲ್ಲಿ ಇದ್ದೇನೆ. ಅಕ್ಕತಂಗಿಯರು ಸೇರಿದರೆ ಅಡುಗೆಮನೆಯಲ್ಲಿ ಶುರುವಾದ ಮಾತು ಗ್ಯಾರೇಜಿನವರೆಗೂ ಬರುತ್ತಿತ್ತು. ಹೊರಟು ಕಾರಲ್ಲಿ ಕೂತ ಮೇಲೂ ಕಿಟಕಿ ಇಳಿಸಿಕೊಂಡು ಇನ್ನೊಂದು ಅಧ್ಯಾಯ ನಡೆಯುತ್ತಿತ್ತು. ಅಷ್ಟು ಹೊತ್ತೂ ಗಂಡಸರಿಬ್ಬರು ಮನೆ ಹಿಂದೆ ನಿಂತು ಹುಲ್ಲು ನೋಡುತ್ತಿದ್ದೆವು. ನಿಮ್ಮ ಹುಲ್ಲು ಚಲೋ ಬಂದದ ಎಂದು ಅವರು ಹೇಳುವುದು, ನಿಮ್ಮದೂ ಚೆನ್ನಾಗಿದೆ ಎಂದು ನಾನು ಹೇಳುವುದು. ಆಮೇಲೆ ಬರುವಾಗ ಟ್ರಾಫಿಕ್ ಎಲ್ಲೆಲ್ಲಿ ಸಿಕ್ಕಿತು ಎಂಬ ವರದಿ. ಅದೂ ಮುಗಿದರೆ ಮತ್ತೆ ಹುಲ್ಲು.

ನಮ್ಮನ್ನು ಉಳಿಸಿದ್ದು ಬೇಸ್‌ಬಾಲ್. ಇಬ್ಬರೂ ಕ್ರಿಕೆಟ್ ನೋಡುತ್ತ ಬೆಳೆದವರು. ಈ ಆಟವನ್ನು ಬಹಳ ಕಾಲ ಕೀಳಾಗಿಯೇ ಕಂಡಿದ್ದೆವು. ಅವರಿಗೆ ಆಫೀಸಿನಲ್ಲಿ ಪುಕ್ಕಟೆ ಟಿಕೆಟ್ ಸಿಕ್ಕಿ, ಎ.ಸಿ. ಇರುವ ಕ್ರೀಡಾಂಗಣ ಹೇಗಿರುತ್ತದೆ ನೋಡೋಣ ಎಂದು ಹೋದವರು ಹ್ಯೂಸ್ಟನ್ ತಂಡದ ಟೋಪಿ ಹಾಕಿಕೊಂಡು ಹೊರಗೆ ಬಂದರು. ನನ್ನದು ಇನ್ನೂ ಸಾಧಾರಣ ಕತೆ. ಮಗಳ ಶಾಲೆಯ ಮಕ್ಕಳು ಫ್ರಿಸ್ಕೊದ ಸಣ್ಣ ಕ್ರೀಡಾಂಗಣದಲ್ಲಿ ಆಟಕ್ಕೆ ಮೊದಲು ರಾಷ್ಟ್ರಗೀತೆ ಹಾಡುವುದಿತ್ತು. ಹಾಡು ಎರಡು ನಿಮಿಷದಲ್ಲಿ ಮುಗಿಯಿತು. ಪಾರ್ಕಿಂಗ್‌ಗೆ ದುಡ್ಡು ಕೊಟ್ಟಾಗಿದೆಯಲ್ಲ ಎಂದು ಆಟಕ್ಕೂ ಕೂತೆ. ಅವತ್ತಿನಿಂದ ಕೂತವನು ಎದ್ದಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಇಲ್ಲಿನ ಪ್ರತಿ ದೊಡ್ಡ ತಂಡಕ್ಕೂ ಕೆಳಗೆ ಮೆಟ್ಟಿಲಿನ ಹಾಗೆ ನಾಲ್ಕಾರು ಚಿಕ್ಕ ತಂಡಗಳಿರುತ್ತವೆ. ಹುಡುಗರು ಕೆಳಗಿನ ಮೆಟ್ಟಿಲಲ್ಲಿ ಶುರುಮಾಡಿ, ಊರಿಂದ ಊರಿಗೆ ಬಸ್ಸಿನಲ್ಲಿ ತಿರುಗುತ್ತ, ಒಂದೊಂದೇ ಹತ್ತಿ ಮೇಲೆ ಬರಬೇಕು. ಬರುವವರಿಗಿಂತ ಬರದವರೇ ಹೆಚ್ಚು. ನಮ್ಮ ಡಲ್ಲಾಸ್ ತಂಡಕ್ಕೆ ಫ್ರಿಸ್ಕೊ ಒಂದು ಮೆಟ್ಟಿಲಾದರೆ, ಆಸ್ಟಿನ್ ಪಕ್ಕದ ರೌಂಡ್ ರಾಕ್ ಎಲ್ಲಕ್ಕಿಂತ ಮೇಲಿನದು. ನನಗೆ ಹುಚ್ಚು ಹಿಡಿದದ್ದು ದೊಡ್ಡ ತಂಡದ್ದಲ್ಲ, ಈ ಮೆಟ್ಟಿಲ ಮೇಲಿನ ಹುಡುಗರದು. ಅದರಲ್ಲೂ ಒಬ್ಬನದು.

ಅವನು ಎಡಗೈ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು. ಬಟ್ಟೆ ಒಣಹಾಕುವ ಗಳದಷ್ಟು ಉದ್ದ, ಹೆಚ್ಚುಕಡಿಮೆ ಅಷ್ಟೇ ದಪ್ಪ. ಫ್ರಿಸ್ಕೊದಲ್ಲಿ ಆ ಮೊದಲ ದಿನ ಅವನು ಎಸೆದ ಚೆಂಡಿನ ವೇಗ ನೋಡಿ ನಿಂಬೆ ಷರಬತ್ತನ್ನು ಕೆಳಗಿಟ್ಟು ಮುಂದೆ ಬಾಗಿ ಕೂತೆ. ಒಂದೇ ತೊಂದರೆ, ಚೆಂಡು ಎಲ್ಲಿಗೆ ಹೋಗುತ್ತದೆ ಎಂಬುದು ನಮಗೆ ಹೇಗೆ ಗೊತ್ತಿರಲಿಲ್ಲವೋ ಅವನಿಗೂ ಹಾಗೆಯೇ ಗೊತ್ತಿರಲಿಲ್ಲ. ನಾಲ್ಕು ಸಲ ಗುರಿ ತಪ್ಪಿದರೆ ಬ್ಯಾಟರ್ ಏನೂ ಮಾಡದೆ ಪುಕ್ಕಟೆಯಾಗಿ ಮೊದಲ ಬೇಸ್‌ಗೆ, ಅಂದರೆ ರನ್ನಿನ ದಾರಿಯ ಮೊದಲ ನಿಲ್ದಾಣಕ್ಕೆ, ನಡೆದುಕೊಂಡು ಹೋಗಬಹುದು. ಅವನು ಎಸೆಯುವ ದಿನ ಎದುರು ತಂಡದವರು ಪಾರ್ಕಿನಲ್ಲಿ ವಾಕಿಂಗ್ ಬಂದವರ ಹಾಗೆ ಸುತ್ತುತ್ತಿದ್ದರು. ಆದರೂ ಮನಸ್ಸು ಬಂದ ಮೇಲೆ ಬಂತು. ಎರಡು ವರ್ಷ ಕೊಡಿ, ಇವನನ್ನು ಯಾರೂ ಹಿಡಿಯಲಾರರು ಎಂದು ಷಡ್ಡಕರಿಗೆ ಫೋನಿನಲ್ಲಿ ಹೇಳಿದೆ.

ಅಲ್ಲಿಂದ ನಮ್ಮ ಮಾತು ಹುಲ್ಲು ಬಿಟ್ಟು ಮೇಲೆದ್ದಿತು. ಷಡ್ಡಕರದು ಈ ವರ್ಷ ಗೆಲ್ಲಬೇಕು ಎನ್ನುವ ಪಂಥ. ಅನುಭವ ಇರುವ ಆಟಗಾರ ಸಿಗುತ್ತಾನೆ ಅಂದರೆ ಬೆಳೆಯುತ್ತಿರುವ ಹುಡುಗರನ್ನು ಕೊಟ್ಟು ತಗೊಂಡು ಬರಬೇಕು, ಅಷ್ಟೇ. ನನ್ನದು ಕಾಯುವ ಪಂಥ. ನಾನು ಲಾಸ್ ಕೊಲಿನಾಸ್‌ನ ಆಫೀಸಿಗೆ ಡ್ರೈವ್ ಮಾಡುವಾಗ ಅವರೂ ತಮ್ಮ ಆಫೀಸಿಗೆ ಹೊರಟಿರುತ್ತಿದ್ದರು. ಟ್ರೇಡ್, ಅಂದರೆ ಈ ಆಟಗಾರರ ಅದಲುಬದಲು, ಅದರ ಬಗ್ಗೆ ನಾವು ಮಾಡಿದ ಚರ್ಚೆಗಳನ್ನು ಎರಡು ನಗರಗಳ ಟ್ರಾಫಿಕ್ ಜಾಮ್‌ಗಳು ಕೇಳಿಸಿಕೊಂಡಿವೆ.

"ಎರಡ ವರ್ಷ ಕೊಡ್ರಿ, ಎರಡ ವರ್ಷ ಕೊಡ್ರಿ ಅಂತ ನೀವು ನಾಕ ವರ್ಷದಿಂದ ಹೇಳಾಕತ್ತೀರಿ," ಎಂದು ಅವರು ಒಂದು ಬೆಳಿಗ್ಗೆ ಹೇಳಿದರು. ಲೆಕ್ಕ ಸರಿಯಾಗಿತ್ತು. ಅವನು ಆ ಹೊತ್ತಿಗೆ ರೌಂಡ್ ರಾಕ್‌ವರೆಗೆ ಹತ್ತಿದ್ದ. ಗುರಿ ಮಾತ್ರ ಇನ್ನೂ ಫ್ರಿಸ್ಕೊದಲ್ಲೇ ಇತ್ತು.

ನನ್ನ ಹೆಂಡತಿಯದು ಬೇರೆಯೇ ತಕರಾರು. ಮಗಳು ಕನ್ನಡದಲ್ಲಿ ಒಂದು ವಾಕ್ಯ ಹೇಳಲು ತಡವರಿಸಿದರೆ ನಾನೇ ಬಾಯಿ ಹಾಕಿ ಮುಗಿಸಿಬಿಡುತ್ತೇನಂತೆ. ಪಾಪದ ಹುಡುಗಿ ಸುಸ್ತಾಗಿ ಇಂಗ್ಲಿಷಿಗೆ ಹೋಗುತ್ತಾಳೆ. "ಯಾರೋ ಹುಡುಗ ಚೆಂಡು ಸರಿಯಾಗಿ ಎಸೀಲಿ ಅಂತ ನಾಲ್ಕು ವರ್ಷ ಕಾಯ್ತೀರಿ, ಇವಳಿಗೆ ನಾಲ್ಕು ಸೆಕೆಂಡ್ ಕಾಯಕ್ಕಾಗಲ್ವಾ?" ಎಂದು ಕೇಳಿದಳು.

ಟ್ರೇಡ್ ಮಾಡಲು ಜುಲೈ ಕೊನೆಯೇ ಗಡುವು. ಆ ವರ್ಷ ನಮ್ಮ ತಂಡ ಉತ್ತರದ ಯಾವುದೋ ತಂಡದಿಂದ ಒಬ್ಬ ಹಿರಿಯ ಬ್ಯಾಟರ್‌ನನ್ನು ತರಲು ನೋಡುತ್ತಿದೆ, ಬದಲಿಗೆ ಒಬ್ಬ ಎಡಗೈ ಪಿಚರ್‌ನನ್ನು ಕೊಡಬಹುದು ಎಂಬ ಗಾಳಿಸುದ್ದಿ ಹಬ್ಬಿತು. ಷಡ್ಡಕರು ಸುಮ್ಮನಿರುತ್ತಾರೆಯೇ? ಕೊಟ್ಟು ಕೈ ತೊಳ್ಕೊಳ್ರಿ ಎಂದು ಮೆಸೇಜ್ ಮೇಲೆ ಮೆಸೇಜ್ ಕಳಿಸಿದರು. ನಾನು ಆಫೀಸಿನ ಮೀಟಿಂಗ್ ಕಾಲ್‌ನಲ್ಲಿ ಕೂತು, ಮೇಜಿನ ಕೆಳಗೆ ಫೋನ್ ಹಿಡಿದು, ಅವನ್ನೇ ಓದುತ್ತ ಕುದಿಯುತ್ತಿದ್ದೆ. ಅದೇ ಹೊತ್ತಿಗೆ ನಮ್ಮ ಮ್ಯಾನೇಜರ್ ನನ್ನ ಹೆಸರು ಕರೆದು, ಏನು ಮಾಡೋಣ, ಕೊಟ್ಟುಬಿಡೋಣವೇ ಎಂದು ಕೇಳಿದ. ಕೊಡುವ ಮಾತು ಮಾತ್ರ ಕಿವಿಗೆ ಬಿತ್ತು. ಖಂಡಿತ ಬೇಡ ಎಂದೆ. ಯಾರು ಏನು ಕೊಟ್ಟರೂ ಬೇಡ, ಇನ್ನೆರಡು ವರ್ಷ ನಮ್ಮಲ್ಲೇ ಬೆಳೆಯಲಿ, ಈಗ ಕೊಟ್ಟರೆ ಜನ್ಮವಿಡೀ ಪಶ್ಚಾತ್ತಾಪ ಪಡುತ್ತೇವೆ ಎಂದೆ. ನನ್ನ ಬಾಯಲ್ಲಿ ಅಷ್ಟು ಗಟ್ಟಿ ಮಾತು ಆ ಆಫೀಸು ಎಂದೂ ಕೇಳಿರಲಿಲ್ಲ. ಮ್ಯಾನೇಜರ್, ಸರಿ, ಹಾಗೇ ಆಗಲಿ ಎಂದ.

ಮರುದಿನ ನನ್ನ ಟೀಮಿನ ಒಬ್ಬಳು ಹುಡುಗಿ ಬಂದು ನನ್ನೆದುರು ನಿಂತಳು. ಮಂಡ್ಯದವಳು, ರಿಚರ್ಡ್‌ಸನ್‌ನಲ್ಲೇ ಎಂ.ಎಸ್. ಮುಗಿಸಿ ಕೆಲಸಕ್ಕೆ ಸೇರಿದ್ದಳು. ಕಣ್ಣು ಕೆಂಪಾಗಿತ್ತು. "ಸರ್, ಆಸ್ಟಿನ್‌ಗೆ ಶಿಫ್ಟ್ ಮಾಡಿ ಅಂತ ನಾನೇ ಕೇಳ್ಕೊಂಡಿದ್ದೆ ಸರ್. ನನ್ನ ಹಸ್ಬೆಂಡ್ ಅಲ್ಲೇ ಇರೋದು," ಎಂದಳು. ಮದುವೆಯಾಗಿ ಒಂದು ವರ್ಷದಿಂದ ಅವರು ವಾರಕ್ಕೊಮ್ಮೆ ಮುಖ ನೋಡುತ್ತಿದ್ದರಂತೆ. ಆಸ್ಟಿನ್ ಆಫೀಸಿಗೆ ಕೊಟ್ಟುಬಿಡೋಣವೇ ಎಂದು ಮ್ಯಾನೇಜರ್ ಕೇಳಿದ್ದು ಇವಳನ್ನು. ನಾನು ಮ್ಯಾನೇಜರ್ ಹತ್ತಿರ ಓಡಿದೆ. ನಿನ್ನೆ ಅಷ್ಟು ಹೊಗಳಿದವಳನ್ನು ಇವತ್ತು ದಯವಿಟ್ಟು ಕಳಿಸಿಕೊಡಿ ಎನ್ನಲು ಅರ್ಧ ದಿನ ಹಿಡಿಯಿತು. ಅವಳಿಗೆ ವರ್ಗವಾಯಿತು. ಹೋಗುವ ದಿನ ಎಲ್ಲರಿಗೂ ಸಿಹಿ ಹಂಚಿದಳು. ನನ್ನ ಮೇಜಿನ ಹತ್ತಿರ ಬಂದಾಗ ಡಬ್ಬಿಯಲ್ಲಿ ಎರಡು ಉಳಿದಿದ್ದವು, ಒಂದು ಕೊಟ್ಟಳು.

ಗಾಳಿಸುದ್ದಿ ಹಬ್ಬಿದ ಆ ವಾರದ ಕೊನೆಗೆ ನಮ್ಮ ಅತ್ತೆಯವರನ್ನು ಅಕ್ಕನ ಮನೆಗೆ ಕಳಿಸಿಕೊಡುವುದಿತ್ತು. ಅತ್ತೆ ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಆರು ತಿಂಗಳಿಗೆಂದು ಬಂದಿದ್ದರು. ಮೊದಲ ಮೂರು ತಿಂಗಳು ನಮ್ಮಲ್ಲಿ, ಉಳಿದ ಮೂರು ಸೈಪ್ರೆಸ್‌ನಲ್ಲಿ ಎಂದು ಅಕ್ಕತಂಗಿಯರು ಟಿಕೆಟ್ ತೆಗೆಯುವ ಮೊದಲೇ ತೀರ್ಮಾನಿಸಿದ್ದರು. ಎರಡೂ ಊರಿನಿಂದ ಹೆಚ್ಚುಕಡಿಮೆ ಅಷ್ಟಷ್ಟೇ ದೂರ ಆಗುತ್ತದೆಂದು ರೌಂಡ್ ರಾಕ್‌ನಲ್ಲಿ ಭೇಟಿಯಾಗುವುದೆಂದಾಯಿತು. ಅವತ್ತೇ ಅಲ್ಲಿ ಆಟವಿತ್ತು, ನನ್ನ ಹುಡುಗನೇ ಎಸೆಯುವವನಿದ್ದ. ಇದು ಕಾಕತಾಳೀಯ ಎಂದು ನಾನೂ ಷಡ್ಡಕರೂ ಬೇರೆಬೇರೆಯಾಗಿ ನಮ್ಮ ನಮ್ಮ ಹೆಂಡತಿಯರಿಗೆ ಹೇಳಿದೆವು. ಇಬ್ಬರೂ ನಂಬಲಿಲ್ಲ.

ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಾದ್ದರಿಂದ ಪಾರ್ಕಿಂಗ್‌ನಲ್ಲೇ ಡಿಕ್ಕಿ ಬಾಗಿಲೆತ್ತಿ, ಅದರ ನೆರಳಲ್ಲಿ ಪುಳಿಯೋಗರೆ, ಮೊಸರನ್ನ ಮುಗಿಸಿದೆವು. ಅತ್ತೆಯ ಎರಡು ಸೂಟ್‌ಕೇಸನ್ನು ಷಡ್ಡಕರು ತಮ್ಮ ಕಾರಿಗೆ ಹಾಕಿಕೊಂಡರು. ಒಳಗೆ ಮೈದಾನದ ಅಂಚಿನ ಹುಲ್ಲಿನ ಇಳಿಜಾರಿನಲ್ಲಿ ಜಮಖಾನ ಹಾಸಿ ಕೂತೆವು. ಮಕ್ಕಳು ಐಸ್ ಬೇಕೆಂದು ಹಟ ಹಿಡಿದು ಅಕ್ಕತಂಗಿಯರನ್ನು ಎಳೆದುಕೊಂಡು ಹೋದರು. ಅತ್ತೆ ಹುಲ್ಲಿನ ಟೋಪಿ ಹಾಕಿಕೊಂಡು ನಮ್ಮ ಹಿಂದೆ ಕೂತು ಮೈದಾನ ನೋಡುತ್ತಿದ್ದರು. ನನ್ನ ಹುಡುಗ ಮೊದಲ ಇಬ್ಬರು ಬ್ಯಾಟರ್‌ಗಳನ್ನು ಸೊಗಸಾಗಿ ಔಟ್ ಮಾಡಿದ. ಆ ಖುಷಿಯಲ್ಲಿ ನನಗೆ ಧೈರ್ಯ ಬಂತು.

ಅತ್ತೆಯನ್ನು ಇನ್ನೂ ಒಂದು ತಿಂಗಳು ನಮ್ಮಲ್ಲೇ ಬಿಡಬಹುದೇ ಎಂದು ಷಡ್ಡಕರನ್ನು ಕೇಳಿದೆ. ಹೆಂಡತಿಗೆ ಹೊಸ ಕೆಲಸ, ಮಗಳಿಗೆ ಶಾಲೆ ಶುರುವಾಗುತ್ತದೆ ಎಂದೆಲ್ಲ ಹೇಳಿದೆ. ಅವರ ಕೈಯ ಸಾರಿನ ವಿಷಯ ಹೇಳಲಿಲ್ಲ. ಷಡ್ಡಕರು ಗಲ್ಲ ಕೆರೆದುಕೊಂಡರು. ಸುಮ್ಮನೆ ಹೇಗೆ ಕೊಡುವುದು ಎಂದರು. ಪ್ರತಿ ವರ್ಷ ನಮ್ಮ ಮನೆಯಲ್ಲೇ ನಡೆಯುವ ದೀಪಾವಳಿಯನ್ನು ಈ ವರ್ಷ ಸೈಪ್ರೆಸ್‌ಗೆ ಬಿಟ್ಟುಕೊಡುವುದಾಗಿ ನಾನೆಂದೆ. ಅದು ಸರಿ, ಅದರ ಮೇಲೇನು ಎಂದರು. ಅಕ್ಕನಿಗೆ ನಮ್ಮ ಟೇಬಲ್‌ಟಾಪ್ ಗ್ರೈಂಡರ್ ಮೇಲೆ ಬಹಳ ದಿನದಿಂದ ಕಣ್ಣಿತ್ತು, ಅದನ್ನೂ ಸೇರಿಸಿದೆ. ಇನ್ನೊಂದು ಬೇಕು, ಅದೇನು ಎಂಬುದನ್ನು ಆಮೇಲೆ ಹೇಳುತ್ತೇನೆ ಎಂದರು. ಬೇಸ್‌ಬಾಲ್ ಟ್ರೇಡ್‌ಗಳಲ್ಲಿ ಹಾಗೆ ಮಾಡುವ ಪದ್ಧತಿ ಇದೆ. ಕೊಡಬೇಕಾದ ಒಬ್ಬ ಆಟಗಾರನ ಹೆಸರನ್ನು ಬಾಕಿ ಇಟ್ಟಿರುತ್ತಾರೆ. ಒಪ್ಪಿ ಕೈ ಕುಲುಕಿದೆವು. ನಮ್ಮ ಜೀವನದ ಮೊದಲ ಟ್ರೇಡ್, ಇಬ್ಬರಿಗೂ ಬಹಳ ಸಮಾಧಾನವಾಗಿತ್ತು.

ಮೂರನೆಯ ಇನ್ನಿಂಗ್ಸ್‌ನ ನಡುವೆ ಕೋಚ್ ಮೈದಾನಕ್ಕೆ ಬಂದ. ಹುಡುಗ ಯಾರಿಗೂ ರನ್ ಕೊಟ್ಟಿರಲಿಲ್ಲ, ಕೈ ನೋವೂ ಇದ್ದಂತಿರಲಿಲ್ಲ. ಕೋಚ್ ಅವನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದ. ಇಬ್ಬರೂ ನಡೆದು ಬಂದರು. ಅಂಚಿನಲ್ಲಿ ಕೂತಿದ್ದ ಆಟಗಾರರೆಲ್ಲ ಎದ್ದು ಒಬ್ಬೊಬ್ಬರಾಗಿ ಅವನನ್ನು ತಬ್ಬಿಕೊಳ್ಳತೊಡಗಿದರು. ನಮ್ಮ ಸುತ್ತಮುತ್ತ ಕೂತವರಿಗೆ ಅರ್ಥವಾಗಿ ಚಪ್ಪಾಳೆ ತಟ್ಟಿದರು. ನನಗೂ ಅರ್ಥವಾಯಿತು, ಆದರೆ ಕೈ ಏಳಲಿಲ್ಲ. ಷಡ್ಡಕರು ಫೋನ್ ನೋಡಿ, ಉತ್ತರದ ಆ ತಂಡದ ಹೆಸರನ್ನು ಮೆಲ್ಲಗೆ ಹೇಳಿದರು. ಇಷ್ಟು ದಿನ ಕೊಡ್ರಿ ಕೊಡ್ರಿ ಎಂದವರು ಈಗ ತಮ್ಮ ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿದರು.

ಹಿಂದಿನಿಂದ ಅತ್ತೆ, "ಅಳಿಯಂದಿರೇ, ಆ ಹುಡುಗನ್ನ ಯಾಕೆ ಎಲ್ಲರೂ ತಬ್ಕೋತಿದ್ದಾರೆ?" ಎಂದು ಕೇಳಿದರು.

ಬೇರೆ ತಂಡಕ್ಕೆ ಕೊಟ್ಟುಬಿಟ್ಟಿದ್ದಾರೆ, ಇವತ್ತೇ ಹೊರಡಬೇಕು ಎಂದು ಹೇಳಿದೆ.

"ಅವನನ್ನ ಕೇಳಿದ್ರಂತಾ?"

"ಇಲ್ಲ ಅತ್ತೆ. ಕೇಳಲ್ಲ."

"ಯಾರನ್ನೂ ಕೇಳಲ್ವಾ?"

ನಿಯಮ ವಿವರಿಸುವ ಅವಕಾಶವನ್ನು ಷಡ್ಡಕರು ಎಂದೂ ಬಿಟ್ಟವರಲ್ಲ. ಪೂರ್ತಿ ಹಿಂದೆ ತಿರುಗಿ ಕೂತರು. "ಹತ್ತ ವರ್ಷ ದೊಡ್ಡ ಲೀಗ್‌ನಾಗ ಆಡಿ, ಕಡೀ ಐದ ವರ್ಷ ಒಂದ ಟೀಮಿನಾಗ ಇದ್ದಾರಂದ್ರ, ಅಂಥವರನ್ನ ಒಪ್ಪಿಗಿ ಇಲ್ದ ಕೊಡಾಕ ಬರಂಗಿಲ್ರಿ ಅತ್ತಿಯವರ."

ಅತ್ತೆ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. "ನಾನು ನಿಮಗೆ ಅತ್ತೆಯಾಗಿ ಎಷ್ಟು ವರ್ಷ ಆಯ್ತು?"

"ಹದಿನಾರ ಆತ್ರಿ," ಎಂದರು ಷಡ್ಡಕರು. ಹೇಳಿದ ಮೇಲೆ ಅವರಿಗೆ ಹೊಳೆಯಿತು.

"ಹಾಗಾದ್ರೆ ನನ್ನ ಒಪ್ಪಿಗೆ ಯಾಕೆ ಕೇಳಲಿಲ್ಲ?"

ಒಂದು ಕಿವಿಯಲ್ಲಿ ಬೆಂಗಳೂರು, ಇನ್ನೊಂದರಲ್ಲಿ ಮಡಿಕೇರಿ ಕೇಳಿಸಿಕೊಂಡು ಮೂವತ್ತು ವರ್ಷ ಕೆಲಸ ಮಾಡಿದವರ ಮುಂದೆ ಕೂತು ನಾವು ವ್ಯವಹಾರ ಕುದುರಿಸಿದ್ದೆವು. ನಾನು ಏನೋ ಸಮಜಾಯಿಷಿ ಹೇಳಲು ಹೋದೆ. ಅವರು ಕೈಯಲ್ಲೇ ತಡೆದರು. ಸಿಟ್ಟು ಬಂದಿದೆಯೋ ಇಲ್ಲವೋ ಮುಖ ನೋಡಿ ಹೇಳುವಂತಿರಲಿಲ್ಲ.

"ದೀಪಾವಳಿ ಕೊಟ್ರಿ, ಇರಲಿ, ಹಬ್ಬ ಅಂದ್ರೆ ಒಂದು ಮರ್ಯಾದೆ. ಆದ್ರೆ ನನಗೆ ಬದಲು ಗ್ರೈಂಡರ್ರು? ಅದೂ ಕಲ್ಲು ಸವೆದಿರೋ ಗ್ರೈಂಡರ್ರು?"

ಷಡ್ಡಕರು ನನ್ನ ಕಡೆ ನಿಧಾನವಾಗಿ ತಿರುಗಿದರು. "ಕಲ್ಲ ಸವದೈತೇನ್ರಿ?"

ಸ್ವಲ್ಪ ಸವೆದಿದೆ, ದೋಸೆ ಹಿಟ್ಟಿಗೆ ತೊಂದರೆಯಿಲ್ಲ ಎಂದೆ. ಆಟಗಾರನ ಗಾಯ ಮುಚ್ಚಿಟ್ಟು ಟ್ರೇಡ್ ಮಾಡಿದರೆ ಅದು ರದ್ದಾಗುತ್ತದೆ ಎಂದು ಅವರು ಗಂಭೀರವಾಗಿ ನೆನಪಿಸಿದರು. ಗ್ರೈಂಡರ್‌ಗೆ ಆ ನಿಯಮ ಇಲ್ಲವೆಂದು ನಾನು ವಾದಿಸಿದೆ. ನಾವಿಬ್ಬರೂ ಅದರಲ್ಲಿ ಮುಳುಗಿರುವಾಗ ಅತ್ತೆ ತಮ್ಮ ಫೋನ್ ತೆಗೆದು ಯಾರ ಜೊತೆಗೋ ಮಾತಾಡಿ ಮುಗಿಸಿಬಿಟ್ಟಿದ್ದರು. ಎಕ್ಸ್‌ಚೇಂಜಿನಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಗೆಳತಿ ಈಗ ಆಸ್ಟಿನ್‌ನಲ್ಲಿ ಮಗಳ ಮನೆಗೆ ಬಂದಿದ್ದಾರೆ, ಬಾ ಬಾ ಎಂದು ಒಂದು ತಿಂಗಳಿಂದ ಕರೆಯುತ್ತಿದ್ದಾರೆ, ಅಲ್ಲಿಗೆ ಹೋಗುತ್ತೇನೆ ಎಂದರು. ಅವರ ಅಳಿಯ ಆಗಲೇ ಕಾರು ತೆಗೆದಿದ್ದಾನಂತೆ.

ಅಕ್ಕತಂಗಿಯರು ಐಸ್ ಹಿಡಿದುಕೊಂಡು ಬರುವಷ್ಟರಲ್ಲಿ ಅವರ ಅಮ್ಮ ಎರಡೂ ಮನೆಯ ಕೈತಪ್ಪಿ ಹೋಗಿದ್ದರು. ನಡೆದದ್ದನ್ನು ಅತ್ತೆಯೇ ಹೇಳಿದರು, ಗ್ರೈಂಡರ್ ಸಮೇತ. ಅಕ್ಕತಂಗಿಯರು ನಮ್ಮನ್ನು ಬೈಯಲು ಕನ್ನಡ, ಇಂಗ್ಲಿಷು ಎರಡನ್ನೂ ಬಳಸಿದರು. ಪಕ್ಕದ ಜಮಖಾನದ ಅಮೆರಿಕನ್ ಕುಟುಂಬ ನಮಗೆ ಜಾಗ ಬಿಟ್ಟು ಆಚೆ ಸರಿಯಿತು. ಆಟ ಮುಗಿಯುವ ಮೊದಲೇ ನಾವಿಬ್ಬರು ಷಡ್ಡಕರು ಒಬ್ಬೊಬ್ಬರು ಒಂದೊಂದು ಸೂಟ್‌ಕೇಸ್ ಎಳೆದುಕೊಂಡು ಹೋಗಿ ಅಪರಿಚಿತ ಅಳಿಯನೊಬ್ಬನ ಕಾರಿನಲ್ಲಿಟ್ಟೆವು. ಅವನು ಬಹಳ ಒಳ್ಳೆಯವನು, ಏನಾಯಿತು ಎಂದು ಕೇಳಲಿಲ್ಲ. ಹೊರಡುವಾಗ ನನ್ನನ್ನು ಅಂಕಲ್ ಎಂದದ್ದೇ ಸಾಕಾಗಿತ್ತು.

ಅತ್ತೆ ಆಸ್ಟಿನ್‌ನಲ್ಲಿ ಮೂರು ವಾರ ಇದ್ದರು. ಗೆಳತಿಯರಿಬ್ಬರೂ ಬೆಳಿಗ್ಗೆ ವಾಕಿಂಗ್, ಮಧ್ಯಾಹ್ನ ಹಳೆಯ ಮೇಲಧಿಕಾರಿಗಳ ಬಗ್ಗೆ ಮಾತು, ವಾರಕ್ಕೊಮ್ಮೆ ರೌಂಡ್ ರಾಕ್‌ನಲ್ಲಿ ಆಟ. ಫೋನಿನಲ್ಲಿ ಹೆಣ್ಣುಮಕ್ಕಳ ಜೊತೆ ಮಾತು ಮುಗಿದ ಮೇಲೆ ನನಗೆ ಕೊಡಲು ಹೇಳಿ, ಎರಡನೆಯ ಬೇಸ್‌ನಲ್ಲಿ ನಿಲ್ಲುವ ಹುಡುಗ ಬಾಯಿ ಮುಚ್ಚಿಕೊಂಡು ಚೆನ್ನಾಗಿ ಆಡುತ್ತಾನೆ, ಅವನನ್ನು ಯಾರಿಗೂ ಕೊಡಬೇಡಿ ಎನ್ನುತ್ತಿದ್ದರು, ತಂಡ ನನ್ನದೇ ಎಂಬಂತೆ. ಆಮೇಲೆ ತಾವೇ ದಿನ ಗೊತ್ತುಮಾಡಿಕೊಂಡು ಸೈಪ್ರೆಸ್‌ಗೆ ಹೋದರು. ದೀಪಾವಳಿ ಆಸ್ಟಿನ್‌ನಲ್ಲಿ, ಗೆಳತಿಯ ಮಗಳ ಮನೆಯಲ್ಲಿ, ಎಲ್ಲರೂ ಬರಬೇಕು ಎಂದೂ ಅಲ್ಲಿಂದಲೇ ಆದೇಶ ಬಂತು. ಗ್ರೈಂಡರ್ ನಮ್ಮಲ್ಲೇ ಉಳಿಯಿತು. ನಮ್ಮ ತಂಡಕ್ಕೆ ಬಂದ ಹಿರಿಯ ಬ್ಯಾಟರ್ ಎರಡು ವಾರ ಆಡಿ, ತೊಡೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಈ ವಿಷಯ ಷಡ್ಡಕರಿಗೆ ಹೇಳಲು ನಾನು ಫೋನ್ ಮಾಡಿದಾಗ ಅವರು ಎತ್ತಲಿಲ್ಲ. ಸತತವಾಗಿ ಮೂರು ದಿನ ಎತ್ತಲಿಲ್ಲ.

ಸೆಪ್ಟೆಂಬರಿನಲ್ಲಿ ಅವರೇ ಫೋನ್ ಮಾಡಿದರು. ಉತ್ತರದ ತಂಡ ಹ್ಯೂಸ್ಟನ್‌ಗೆ ಆಡಲು ಬರುತ್ತಿದೆ, ಹುಡುಗನನ್ನು ದೊಡ್ಡ ತಂಡಕ್ಕೆ ಹತ್ತಿಸಿದ್ದಾರೆ, ಎರಡು ಟಿಕೆಟ್ ತಗೊಂಡಿದ್ದೇನೆ, ಬಂದುಬಿಡಿ ಎಂದರು. ಶನಿವಾರ ಬೆಳಿಗ್ಗೆ ಹೊರಟು ಹೋದೆ. ಮುಚ್ಚಿದ ಚಾವಣಿಯ ಕೆಳಗೆ ಎ.ಸಿ. ಎಷ್ಟು ಜೋರಾಗಿತ್ತೆಂದರೆ ಷಡ್ಡಕರು ಇಬ್ಬರಿಗೂ ಮಂಕಿಕ್ಯಾಪ್ ತಂದಿದ್ದರು. ಎಂಟನೆಯ ಇನ್ನಿಂಗ್ಸ್‌ನಲ್ಲಿ, ಉತ್ತರದವರು ಒಂದೇ ಒಂದು ರನ್ ಮುಂದಿದ್ದಾಗ, ಅವನನ್ನು ಕಳಿಸಿದರು. ಮೊದಲ ಚೆಂಡು, ಬ್ಯಾಟರ್ ಹಿಂದೆ ಕೂತು ಹಿಡಿಯುವ ಕ್ಯಾಚರ್‌ನ ತಲೆ ಮೇಲೆ ಹಾರಿ ಹಿಂದಿನ ಗೋಡೆಗೆ ಬಡಿಯಿತು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಲೇವಡಿ ಮಾಡುತ್ತಿದ್ದೇನೆಂದುಕೊಂಡ ಹ್ಯೂಸ್ಟನ್ ಜನ ನನ್ನ ಬೆನ್ನು ತಟ್ಟಿದರು. ಇಬ್ಬರನ್ನು ಔಟ್ ಮಾಡಿದ, ಮೂವರನ್ನು ಪುಕ್ಕಟೆ ನಡೆಸಿದ. ಮೂರು ಬೇಸೂ ತುಂಬಿ, ಹ್ಯೂಸ್ಟನ್‌ನ ಅತಿ ದೊಡ್ಡ ಹೊಡೆತಗಾರ ಬಂದು ನಿಂತ.

ಅವನು ಹೊಡೆದ ಚೆಂಡು ಮೇಲೆ ಹೋಯಿತು, ಹೋಗುತ್ತಲೇ ಇತ್ತು. ಗೋಡೆಯ ಹತ್ತಿರ ಯಾರೋ ಹಾರಿ ಹಿಡಿದರು, ಮೂರನೆಯ ಔಟ್, ಇನ್ನಿಂಗ್ಸ್ ಮುಗಿಯಿತು. ನೋಡಿಕೊಂಡರೆ ನಾನೂ ಷಡ್ಡಕರೂ ಒಬ್ಬರ ಕೈ ಒಬ್ಬರು ಬಿಗಿಯಾಗಿ ಹಿಡಿದು ನಿಂತಿದ್ದೆವು, ಅವರು ಚೆಂಡು ಆಚೆ ಬೀಳಲಿ ಎಂದು, ನಾನು ಬೀಳದಿರಲಿ ಎಂದು. ಅವರು ಕೈ ಬಿಡಿಸಿಕೊಂಡು ಟೋಪಿ ಸರಿಮಾಡಿಕೊಂಡರು. "ಇವನ್ನ ನೋಡಾಕ ಎದಿ ಗಟ್ಟಿ ಬೇಕ್ರಿ," ಎಂದರು. ಕಾರಿನಲ್ಲಿ, ಹಾಗಿದ್ದರೂ ಆ ಟ್ರೇಡ್ ಮಾಡಿದ್ದು ಸರಿಯೇ ಎಂದು ಶುರುಮಾಡಿದರು. ತೊಡೆ ಹಿಡಿದುಕೊಂಡು ಕೂತವನ ಸಮಾಚಾರ ಕೇಳಿದೆ. ಸೈಪ್ರೆಸ್ ಮುಟ್ಟುವವರೆಗೂ ನಡೆಯಿತು.

ಮನೆಯಲ್ಲಿ ಅತ್ತೆ ಟಿ.ವಿ.ಯಲ್ಲಿ ಪೂರ್ತಿ ಆಟ ನೋಡಿದ್ದರು. ನಮ್ಮ ವಾದ ಬಾಗಿಲು ದಾಟಿ ಊಟದ ಮೇಜಿನವರೆಗೆ ಬಂದಾಗ ಅವರು ಹುಳಿಯ ಪಾತ್ರೆ ತಂದಿಟ್ಟು, ಆ ಹುಡುಗ ಕೊನೆಗೆ ಇಳಿದು ಹೋಗುವಾಗ ಅವನ ಮುಖ ನೋಡಿದಿರಾ ಎಂದು ಕೇಳಿದರು. ನಾವು ನೋಡಿರಲಿಲ್ಲ. ಅಷ್ಟು ದೂರದಿಂದ ಕಾಣುವಂತೆಯೂ ಇರಲಿಲ್ಲ.

"ನಗ್ತಿದ್ದ," ಎಂದರು. "ಚಿಕ್ಕ ಮಗು ಥರ. ಕ್ಯಾಮೆರಾ ಕಂಡ ಕೂಡ್ಲೇ ಗಂಭೀರ ಆದ." ಆಮೇಲೆ ನನ್ನ ತಟ್ಟೆಗೆ ಅನ್ನ ಹಾಕಿದರು, ಷಡ್ಡಕರ ತಟ್ಟೆಗೂ ಹಾಕಿದರು, ಇಬ್ಬರೂ ಕೈ ತೊಳೆದುಕೊಂಡು ಬನ್ನಿ ಎಂದರು.